ಮಿನಿಕಾಯ್ ಲೈಟ್‌ಹೌಸ್ ರಿವ್ಯೂ: ತಿಪಟೂರಿಂದ ಹೋಗಿ ಹತ್ತಿ ಬಂದ ಕಥೆ

ಮೊದಲೇ ಹೇಳ್ಬಿಡ್ತೀನಿ, ಲೈಟ್‌ಹೌಸಿಗೆ ಐದಕ್ಕೆ ಐದು ಸ್ಟಾರ್, ನಮ್ಮನ್ನ ಅಲ್ಲಿಗೆ ಕಳಿಸಿದ ಟೂರ್ ಏಜೆಂಟಿಗೆ ಒಂದೂವರೆ, ಆ ಅರ್ಧ ಯಾಕೆ ಅಂದ್ರೆ ವಾಪಸ್ ಬರೋ ಟ್ರೇನ್ ಟಿಕೆಟ್ ಒಂದನ್ನ ಸರಿಯಾಗಿ ಮಾಡ್ಸಿದ್ದ. ಪುರುಸೊತ್ತು ಇಲ್ಲದೋರು ಇಷ್ಟು ಓದ್ಕೊಂಡು ಹೋಗ್ಬಹುದು. ಪುರುಸೊತ್ತು ಇದ್ರೆ ಕೂತ್ಕೊಳಿ, ಯಾಕಂದ್ರೆ ಲಕ್ಷದ್ವೀಪ ಅಂತ ಹುಡುಕಿದ್ರೆ ಬರೋದೆಲ್ಲ ನೀಲಿ ನೀರು, ಬಿಳಿ ಮರಳು, ಸ್ನಾರ್ಕಲಿಂಗ್ ವಿಡಿಯೋಗಳೇ, ಆ ಲೈಟ್‌ಹೌಸ್ ಬಗ್ಗೆ ಕನ್ನಡದಲ್ಲಿ ನಾಲ್ಕು ಸಾಲು ನಂಗಂತೂ ಸಿಗಲಿಲ್ಲ, ಅದಕ್ಕೇ ಬರೀತಿರೋದು.

ನಮ್ದು ತಿಪಟೂರು. ಊರೊಳಗೆ ನಂದೊಂದು ಚಿಕ್ಕ ಎಲೆಕ್ಟ್ರಿಕಲ್ ಅಂಗಡಿ, ಊರಾಚೆ ಅಪ್ಪಾಜಿ ನೋಡ್ಕೊಳ್ಳೋ ತೆಂಗಿನ ತೋಟ. ಸಮುದ್ರಕ್ಕೂ ನಮಗೂ ಏನೂ ಸಂಬಂಧ ಇಲ್ಲ, ನೋಡ್ಬೇಕು ಅಂದ್ರೆ ಘಾಟಿ ಇಳೀಬೇಕು. ಮೂರು ವರ್ಷದ ಹಿಂದೆ ಉಡುಪಿಗೆ ಹೋದಾಗ ಕಾಪು ಲೈಟ್‌ಹೌಸ್ ನೋಡೋಣ ಅಂತ ಹೊರಟ್ವಿ, ದಾರೀಲಿ ಟೀ, ಎಳನೀರು, ಬಾಳೆಹಣ್ಣಿನ ಬನ್ಸ್ ಅಂತ ನಾವೇ ನಿಲ್ಸಿ ನಿಲ್ಸಿ ಹೋಗಿ ತಲುಪೋ ಹೊತ್ತಿಗೆ ಮೇಲೆ ಬಿಡೋ ಟೈಮ್ ಮುಗ್ದೇ ಹೋಗಿತ್ತು. ಮಗಳು ಬಂಡೆ ಮೇಲೆ ಕೂತು ಮುಖ ಊದಿಸ್ಕೊಂಡ್ಲು. ಕಾಪುದು 1901ರದ್ದು. ಅದಕ್ಕಿಂತ ಹಳೇದು, ಅದಕ್ಕಿಂತ ದೂರದ್ದು ತೋರಿಸ್ತೀನಿ ಸುಮ್ನಿರಮ್ಮ ಅಂತ ಆ ಹೊತ್ತಿಗೆ ಬಾಯಿಗೆ ಬಂದಿದ್ದು ಅಂದ್ಬಿಟ್ಟಿದ್ದೆ. ಹೋಂವರ್ಕ್ ಮರೀತಾವೆ, ನೀರಿನ ಬಾಟಲಿ ಮರೀತಾವೆ, ಇಂಥ ಮಾತು ಮಾತ್ರ ಮಕ್ಕಳು ಮರೆಯಲ್ಲ. ಹೈಸ್ಕೂಲಿಗೆ ಹೋದ್ಮೇಲೆ ಅವಳೇ ಹುಡುಕಿ ತಂದಿದ್ದು ಮಿನಿಕಾಯ್ ಹೆಸರು.

ಮಿನಿಕಾಯ್ ಅಂದ್ರೆ ಲಕ್ಷದ್ವೀಪದ ತೀರಾ ದಕ್ಷಿಣದ ತುದಿ. ಕೊಚ್ಚಿಯಿಂದ ಸುಮಾರು 400 ಕಿಲೋಮೀಟರ್ ಸಮುದ್ರದೊಳಗೆ. ಉಳಿದ ದ್ವೀಪಗಳೆಲ್ಲ ಮೇಲ್ಗಡೆ ಗುಂಪಾಗಿವೆ, ಇದೊಂದೇ ಕೆಳಗೆ ಒಂಟಿ. ಅವಕ್ಕೂ ಇದಕ್ಕೂ ನಡುವೆ ಒಂಬತ್ತು ಡಿಗ್ರಿ ಚಾನೆಲ್ ಅನ್ನೋ ಸಮುದ್ರದ ಹರವು, ಇದಕ್ಕೂ ಮಾಲ್ಡೀವ್ಸಿಗೂ ನಡುವೆ ಎಂಟು ಡಿಗ್ರಿ ಚಾನೆಲ್. ಸೂಯೆಜ್ ಕಾಲುವೆ 1869ರಲ್ಲಿ ಓಪನ್ ಆದ್ಮೇಲೆ ಯೂರೋಪಿಂದ ಕೊಲಂಬೋ ಕಡೆಗೆ ಹೋಗೋ ಹಡಗುಗಳೆಲ್ಲ ಈ ದಾರಿಗೇ ಬಿದ್ವು, ದಾರೀಲಿ ನೀರಿನ ಮಟ್ಟಕ್ಕೇ ಮಲಗಿರೋ ಈ ದ್ವೀಪ, ಸುತ್ತ ಹವಳದ ದಿಬ್ಬ, ರಾತ್ರಿ ಹೊತ್ತು ಹತ್ರ ಬಂದು ಗುದ್ದೋ ತನಕ ಕಾಣಲ್ಲ. ಬ್ರಿಟಿಷರು ಅಲ್ಲಿ 1885ರಲ್ಲಿ ಲೈಟ್‌ಹೌಸ್ ಕಟ್ಟಿಸಿದ್ದು ಅದಕ್ಕೇ. ದ್ವೀಪದೋರ ಮೇಲಿನ ಪ್ರೀತಿಗೇನಲ್ಲ, ಅವರ ಹಡಗು, ಅವರ ಸರಕು.

ನನ್ನ ಹೆಂಡ್ತಿ ಹೇಳಿದ್ದು ಒಂದೇ ಮಾತು. "ಅಲ್ರೀ, ಕಾಪುಗೇ ಇನ್ನೊಂದ್ಸಲ ಬೇಗ ಹೋದ್ರೆ ಆಗಲ್ವಾ?" ಖರ್ಚಿನ ಲೆಕ್ಕ ನೋಡಿದ್ರೆ ಅವಳು ಹೇಳಿದ್ದೇ ಸರಿ. ತಿಪಟೂರಿನೋರಿಗೆ ಅರ್ಥ ಆಗೋ ಹಾಗೆ ಹೇಳ್ಬೇಕು ಅಂದ್ರೆ, ನಾವು ಹೋದಾಗಿನ ರೇಟಲ್ಲಿ ಒಬ್ಬರ ಖರ್ಚಿಗೆ ಒಂದು ಕ್ವಿಂಟಾಲ್ ಉಂಡೆ ಕೊಬ್ಬರಿ ಮಾರಿದ್ರೂ ಸಾಲಲ್ಲ, ಮೇಲೆ ಅರ್ಧ ಕ್ವಿಂಟಾಲ್ ಸೇರಿಸ್ಬೇಕು. ನಾವು ನಾಲ್ಕು ಜನ. ಅಪ್ಪಾಜಿನ ಕರ್ಕೊಂಡು ಹೋಗೋ ಪ್ಲಾನ್ ಇರಲಿಲ್ಲ, ಅವರಿಗೆ 70 ಆಗಿದೆ, ಆದ್ರೆ "ಅಲ್ಲಿ ಬರೀ ತೆಂಗಿನ ಮರನೇ ಅಂತೆ" ಅಂತ ಮೊಮ್ಮಗಳು ಕಿವಿಗೆ ಹಾಕಿದ್ದೇ ತಡ, ಅವರೇ ಮೊದಲು ಆಧಾರ್ ಕಾರ್ಡ್ ಜೆರಾಕ್ಸ್ ಮಾಡ್ಸಿ ಇಟ್ಕೊಂಡಿದ್ರು.

ಈಗ ಏಜೆಂಟ್ ವಿಷಯ. ಹೆಸರು ಬೇಡ ಬಿಡಿ, ಬೆಂಗಳೂರಿನೋನು, ಫೋನಲ್ಲಿ ಮಾತಾಡಿದ್ರೆ ಜೇನು. ಲಕ್ಷದ್ವೀಪಕ್ಕೆ ಹೊರಗಿನೋರು ಸುಮ್ನೆ ಹೋಗಂಗಿಲ್ಲ, ಎಂಟ್ರಿ ಪರ್ಮಿಟ್ ಬೇಕು, ಅದಕ್ಕೆ ಕಾಗದ ಪತ್ರ ಎಲ್ಲ ಮೊದಲೇ ಕೊಟ್ಟಿರ್ಬೇಕು. ಈ ಪುಣ್ಯಾತ್ಮ ಎಲ್ಲಾ ಆಗುತ್ತೆ ಸಾರ್ ಆಗುತ್ತೆ ಸಾರ್ ಅಂತ ಒಂದು ತಿಂಗಳು ತಳ್ಳಿ, ಹೊರಡೋಕೆ ಹನ್ನೆರಡು ದಿನ ಇದ್ದಾಗ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಎಲ್ಲಿ ಸಾರ್ ಅಂತ ನನ್ನನ್ನೇ ಕೇಳ್ತಾನೆ. ಅಂಗಡಿ ಮುಚ್ಚಿ ಓಡಾಡಿದ್ದು ಒಂದು ವಾರ. ನೀವು ಯಾರ ಮೂಲಕ ಹೋದ್ರೂ ಸರಿ, ಪರ್ಮಿಟ್‌ಗೆ ಏನೇನು ಬೇಕು ಅಂತ ದುಡ್ಡು ಕಟ್ಟೋಕೆ ಮುಂಚೆನೇ ಬರವಣಿಗೆಯಲ್ಲಿ ಇಸ್ಕೊಳಿ, ಫೋನಲ್ಲಿ ಹೇಳಿದ್ದು ಗಾಳಿಗೆ ಹೋಯ್ತು. ಇನ್ನೊಂದು, ಮಳೆಗಾಲದಲ್ಲಿ ಸಮುದ್ರ ರಫ್ ಇರುತ್ತೆ, ಈ ಹಡಗಿನ ಟೂರ್‌ಗಳೆಲ್ಲ ಬೇಸಿಗೆ ಮುಗಿಯೋ ತನಕ ಅಷ್ಟೇ, ಆಮೇಲೆ ದಸರಾ ಕಳೆದ್ಮೇಲೆ ನೋಡ್ಕೊಳ್ಳಿ.

ಹೊರಟ ದಿನ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು, ಬೆಂಗಳೂರಿಂದ ರಾತ್ರಿ ಕನ್ಯಾಕುಮಾರಿ ಟ್ರೇನು. ಇದಕ್ಕೆ ಐಲ್ಯಾಂಡ್ ಎಕ್ಸ್‌ಪ್ರೆಸ್ ಅಂತ ಹೆಸರು, ನಾನು ಇಷ್ಟು ದಿನ ಶ್ರೀಲಂಕಾ ಕಡೆ ಮುಖ ಮಾಡ್ಕೊಂಡು ಹೋಗುತ್ತಲ್ಲ ಅದಕ್ಕಿರ್ಬೇಕು ಅಂದ್ಕೊಂಡಿದ್ದೆ. ಅಲ್ವಂತೆ. ಹಿಂದೆ ಅದು ಕೊಚ್ಚಿಯ ವಿಲಿಂಗ್ಡನ್ ಐಲ್ಯಾಂಡ್ ಮೇಲಿದ್ದ ಹಾರ್ಬರ್ ಸ್ಟೇಷನ್ ತನಕ ಹೋಗ್ತಿತ್ತು, ಹೆಸರು ಅಲ್ಲಿಂದ ಬಂತು, ಟ್ರೇನ್ ಬೇರೆ ಕಡೆ ತಿರುಗಿದ್ರೂ ಹೆಸರು ಉಳ್ಕೊಂತು. ನಮ್ಮ ಹಡಗು ಹತ್ತೋದೂ ಅದೇ ವಿಲಿಂಗ್ಡನ್ ಐಲ್ಯಾಂಡಿಂದಲೇ, ಅಂದ್ರೆ ನಾವು ಎರ್ನಾಕುಲಂನಲ್ಲಿ ಇಳಿದು ಆಟೋ ಹಿಡಿದು ಆ ಟ್ರೇನಿನ ಹಳೇ ದಾರಿನ ಪೂರ್ತಿ ಮಾಡಿದ ಹಾಗಾಯ್ತು.

ಹಡಗಿನ ಬಗ್ಗೆ ಜಾಸ್ತಿ ಬರೆಯಲ್ಲ. ದೊಡ್ಡದು, ನೂರಾರು ಜನ, ದ್ವೀಪದೋರೂ ಅದರಲ್ಲೇ ಊರಿಗೆ ಹೋಗ್ತಾರೆ, ಅಕ್ಕಿ ಮೂಟೆ, ಫ್ಯಾನು, ಮಗುವಿನ ಸೈಕಲ್ಲು ಎಲ್ಲಾ ಜೊತೆಗೆ. ಏಜೆಂಟ್ ನಾಲ್ಕು ಬೆಡ್ಡಿನ ಕ್ಯಾಬಿನ್ ಅಂದಿದ್ದ, ಹೋಗಿ ನೋಡಿದ್ರೆ ಅವನು ಬುಕ್ ಮಾಡಿದ್ದು ಬೇರೇನೇ, ಇಬ್ಬರು ಒಂದು ಕಡೆ ಇಬ್ಬರು ಒಂದು ಕಡೆ. ಫೋನ್ ಮಾಡಿದ್ರೆ ನಾಟ್ ರೀಚಬಲ್, ಆಮೇಲೆ ನಾವೇ ನಾಟ್ ರೀಚಬಲ್ ಆದ್ವಿ, ನೆಟ್‌ವರ್ಕ್ ಹೋಯ್ತು. ಮೊದಲನೇ ರಾತ್ರಿ ನನ್ನ ಹೆಂಡ್ತಿಗೆ ವಾಂತಿ, ಅವೋಮಿನ್ ಮಾತ್ರೆ ಹತ್ತೋಕೆ ಮುಂಚೆನೇ ತಗೋಬೇಕು, ಶುರುವಾದ್ಮೇಲೆ ತಗೊಂಡ್ರೆ ಅದೂ ಸಮುದ್ರಕ್ಕೇ. ಅಪ್ಪಾಜಿ ಮಾತ್ರ ಡೆಕ್ ಮೇಲೆ ಟವೆಲ್ ಸುತ್ಕೊಂಡು ಕೂತು ರಾಗಿ ಹುರಿಹಿಟ್ಟು ಬೆಲ್ಲ ಕಲಸ್ಕೊಂಡು ತಿಂತಿದ್ರು, ಎತ್ತಿನಗಾಡೀಲಿ ಹೋಗಿ ಅಭ್ಯಾಸ ಇರೋರಿಗೆ ಹಡಗು ಏನ್ಲಾ ಮಾಡ್ತದೆ ಅಂದ್ರು.

ಹೆದರಿಕೆ ಆಗಿದ್ದು ಇಳಿಯೋವಾಗ. ಹವಳದ ದಿಬ್ಬ ಇರೋದ್ರಿಂದ ದೊಡ್ಡ ಹಡಗು ದೂರದಲ್ಲೇ ನಿಂತ್ಕೊಳ್ಳುತ್ತೆ, ಪಕ್ಕದಲ್ಲಿ ಒಂದು ಬಾಗಿಲು ತೆಗೀತಾರೆ, ಕೆಳಗೆ ಸಣ್ಣ ಬೋಟು ಬಂದು ನಿಲ್ಲುತ್ತೆ. ನಿಲ್ಲುತ್ತೆ ಅಂದ್ರೆ ಎಲ್ಲಿ ನಿಲ್ಲುತ್ತೆ, ಅಲೆ ಬಂದಾಗ ಒಂದಾಳು ಮೇಲೆ, ಅಲೆ ಹೋದಾಗ ಒಂದಾಳು ಕೆಳಗೆ. ಆ ಕಡೆ ಒಬ್ಬ ಈ ಕಡೆ ಒಬ್ಬ ರಟ್ಟೆ ಹಿಡ್ಕೊಂಡು, ಬೋಟು ಮೇಲೆ ಬಂದ ಕ್ಷಣ ನೋಡಿ ಎತ್ತಿ ಇಟ್ಬಿಡ್ತಾರೆ, ಯೋಚನೆ ಮಾಡೋಕೆ ಟೈಮೇ ಕೊಡಲ್ಲ. ಆ ಹುಡುಗರಿಗೆ ನನ್ನ ಕಡೆಯಿಂದ ಬೇರೆ ಐದು ಸ್ಟಾರ್. ಅಪ್ಪಾಜಿನ ಇಳಿಸೋವಾಗ ಒಬ್ಬ ಅವರ ಚಪ್ಪಲಿ ತೆಗೆದು ತನ್ನ ಸೊಂಟಕ್ಕೆ ಸಿಕ್ಕಿಸ್ಕೊಂಡು, ಅವರು ಕೂತ್ಮೇಲೆ ಕಾಲ ಹತ್ರ ಇಟ್ಟು ಹೋದ. ಸೀರೆ, ಪಂಚೆ ಬೇಡ, ಪ್ಯಾಂಟೋ ಚೂಡಿದಾರೋ ಹಾಕ್ಕೊಳಿ, ಎರಡೂ ಕೈ ಖಾಲಿ ಇರ್ಲಿ.

ಕವರತ್ತಿ, ಕಲ್ಪೇನಿ ದ್ವೀಪಗಳಲ್ಲಿ ಎರಡು ದಿನ ಚೆನ್ನಾಗಿತ್ತು, ಅದರ ಬಗ್ಗೆ ಬರೆದೋರು ಬೇಕಾದಷ್ಟು ಜನ ಇದಾರೆ. ಒಂದು ವಿಷಯ ಮಾತ್ರ ನಂಗೆ ಹೊಸದು, ಮೇಲ್ಗಡೆ ಇರೋ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ದ್ವೀಪಗಳೆಲ್ಲ 1956ರ ತನಕ ನಮ್ಮ ಮಂಗಳೂರಿನ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ವು, ಆಮೇಲೆ ಕೇಂದ್ರಾಡಳಿತ ಪ್ರದೇಶ ಆಗಿದ್ದು, ಲಕ್ಷದ್ವೀಪ ಅಂತ ಹೆಸರಿಟ್ಟಿದ್ದು 1973ರಲ್ಲಿ. ಮಿನಿಕಾಯ್ ಆ ಲೆಕ್ಕದಲ್ಲಿ ನಮ್ಮದಲ್ಲ, ಅದು ಮಲಬಾರಿಗೆ ಸೇರಿತ್ತು. ಬೇರೆ ದ್ವೀಪಗಳಲ್ಲಿ ಒಂಥರಾ ಮಲಯಾಳ ಮಾತಾಡ್ತಾರೆ, ಮಿನಿಕಾಯಲ್ಲಿ ಮಹಲ್ ಅಂತ ಬೇರೆ ಭಾಷೆ, ಮಾಲ್ಡೀವ್ಸಿಂದು, ಲಿಪಿ ಬಲದಿಂದ ಎಡಕ್ಕೆ. ಎಷ್ಟೋ ಮನೆ ಗಂಡಸರು ಹಡಗಿನ ಕೆಲಸಕ್ಕೆ ಅಂತ ದೇಶ ದೇಶ ಸುತ್ತೋರು, ಊರು ನಡೆಸೋದು ಹೆಂಗಸರು. ಸೂರೆ ಮೀನು, ಅಂದ್ರೆ ಟ್ಯೂನಾ, ಅವರ ಬದುಕು, ಬಲೆ ಹಾಕಲ್ಲ, ಸಣ್ಣ ಮೀನು ಎರಚಿ ಗಾಳದ ಕೋಲಲ್ಲಿ ಒಂದೊಂದೇ ಎತ್ತೋದು. ಬೇಯಿಸಿ ಹೊಗೆ ಹಾಕಿ ಒಣಗಿಸಿದ ಮೀನಿನ ವಾಸನೆ ಬೀದಿಯೆಲ್ಲ ಇರುತ್ತೆ, ನಮ್ಮಂಥ ಸಸ್ಯಾಹಾರಿಗಳು ಮೊದಲೇ ಬರೆಸಿ ಹೋಗಿ. ನಮಗೆ ಅನ್ನ, ಬೇಳೆ, ಪಲ್ಯ, ಹಪ್ಪಳ ಸಿಕ್ತು, ಕೆಟ್ಟದಾಗೇನೂ ಇರಲಿಲ್ಲ, ಆದ್ರೆ ಮನೆ ಚಟ್ನಿಪುಡಿ ಡಬ್ಬ ಇಲ್ದೆ ಹೋಗಿದ್ರೆ ಐದು ದಿನ ಕಷ್ಟ ಆಗ್ತಿತ್ತು.

ಮಿನಿಕಾಯಲ್ಲಿ ಇಳಿದು ಲೈಟ್‌ಹೌಸ್ ಕಡೆ ಹೋಗೋ ದಾರಿ ಪೂರ್ತಿ ತೆಂಗು. ತೆಂಗು ಅಂದ್ರೆ ನಮ್ಮ ಥರ ಸಾಲು ಹಿಡ್ಕೊಂಡು ಮೂವತ್ತಡಿಗೊಂದು ಇಟ್ಟಿರೋದಲ್ಲ, ಎಲ್ಲಿ ಬಿತ್ತೋ ಅಲ್ಲೇ ಎದ್ದು ಒಂದನ್ನೊಂದು ತಳ್ಕೊಂಡು ಬೆಳಕಿಗೆ ಅಂತ ಓಡಿ ಓಡಿ ಉದ್ದ ಆಗಿರೋದು. ಅಪ್ಪಾಜಿ ಕಾಲೇ ಮುಂದಕ್ಕೆ ಹೋಗಲಿಲ್ಲ. "ಇದೇನ್ಲಾ ಇಷ್ಟು ಒತ್ತಾಗವೆ, ಇದಕ್ಕೆ ಗೊಬ್ಬರ ಎಲ್ಲಿಂದ ತತ್ತಾರೆ" ಅಂತ ಒಂದೊಂದೇ ಮರದ ಬುಡ ನೋಡೋದು. ಬಿದ್ದಿದ್ದ ಕಾಯಿ ಎತ್ಕೊಂಡ್ರು, ನಮ್ಮದಕ್ಕಿಂತ ಚಿಕ್ಕದು, ಅಲ್ಲಾಡಿಸಿದ್ರು, ಕಿವಿ ಹತ್ರ ಹಿಡಿದ್ರು. ನಮ್ಮೂರಲ್ಲಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಟ್ಟು ನೀರು ಇಂಗಿ ಒಳಗೆ ಉಂಡೆ ಕಳಚ್ಕೊಂಡು ಲೊಟಲೊಟ ಅನ್ನುತ್ತಲ್ಲ, ಆ ಸದ್ದು ಹುಡುಕ್ತಿದ್ರು ಅಂತ ಕಾಣುತ್ತೆ. ಆಮೇಲೆ ಒಂದು ಎಳೆಕಾಯಿಯಲ್ಲಿ ತೊಟ್ಟಿನ ಹತ್ರ ಗುಂಡಗೆ ತೂತು ಕಂಡು ಬೆರಳು ಹಾಕಿ ನೋಡಿ, ಇಲಿ ಅಂದ್ರು. ನಿಜ, ಆ ದ್ವೀಪಗಳಲ್ಲಿ ಮರ ಹತ್ತಿ ಎಳೆಕಾಯಿ ಕೊರೆಯೋ ಇಲಿಗಳದೇ ದೊಡ್ಡ ಕಾಟ. "ನಮಗೆ ನುಸಿ, ಇವರಿಗೆ ಇಲಿ. ತೆಂಗು ಬೆಳೆಯೋನ ಹಣೆಬರಹ ಎಲ್ಲಾ ಕಡೆ ಒಂದೇ ಬಿಡು."

ಅಷ್ಟರಲ್ಲಿ ಒಬ್ಬ ಅಜ್ಜ ಮನೆ ಮುಂದಿಂದ ಎದ್ದು ಬಂದ್ರು. ಅಪ್ಪಾಜಿಗೆ ಕನ್ನಡ ಬಿಟ್ರೆ ಬರಲ್ಲ, ಅವರಿಗೆ ಮಹಲ್ ಬಿಟ್ರೆ ಬರಲ್ವೇನೋ. ಅಪ್ಪಾಜಿ ಕೈಲಿದ್ದ ಕಾಯಿ ತೋರಿಸಿ ಏನಂತೀರಿ ಇದಕ್ಕೆ ಅಂತ ಸನ್ನೆ ಮಾಡಿದ್ರು. ಆ ಅಜ್ಜ ಎಳನೀರಿನ ಕಡೆ ಬೊಟ್ಟು ಮಾಡಿ ಕುರುಂಬಾ ಅಂದ್ರು, ಬಲಿತ ಕಾಯಿ ಮುಟ್ಟಿ ಕಾಶಿ ಅಂದ್ರು. ಕಾಶಿ! ಅಪ್ಪಾಜಿ ಒಂದು ಸಲ ನನ್ನ ಮುಖ ನೋಡಿ ಜೋರಾಗಿ ನಕ್ಕುಬಿಟ್ರು. ವಿಷಯ ಏನಂದ್ರೆ ಹತ್ತು ವರ್ಷದಿಂದ ಅವರು ಕಾಶಿಗೆ ಕರ್ಕೊಂಡು ಹೋಗು ಅಂತ ಕೇಳ್ತಾನೇ ಇದಾರೆ, ನಾನು ಈ ವರ್ಷ ಮುಂದಿನ ವರ್ಷ ಅಂತ ತಳ್ತಾನೇ ಇದೀನಿ. "ಆಯ್ತು ಬಿಡ್ಲಾ, ಕಾಶಿ ತೋರ್ಸಿದೆಯಲ್ಲ" ಅಂತ ಆ ಕಾಯಿನ ಅಜ್ಜನ ಕೈಗೇ ವಾಪಸ್ ಕೊಟ್ರು. ನನ್ನ ಹೆಂಡ್ತಿ ಸೆರಗು ಅಡ್ಡ ಇಟ್ಕೊಂಡು ನಗ್ತಿದ್ಲು. ನಂಗೆ ಅಷ್ಟೊಂದು ನಗು ಬರಲಿಲ್ಲ.

ಈಗ ಲೈಟ್‌ಹೌಸ್. ಮರಗಳ ಸಂದಿಯಿಂದ ಬಿಳೀದೇನೋ ಕಾಣ್ತಾ ಇರುತ್ತೆ, ಹತ್ರ ಬಂದ ಮೇಲೇ ಪೂರ್ತಿ ಕಾಣೋದು. ಗುಂಡಗೆ, ಬುಡ ದಪ್ಪ, ಮೇಲೆ ಹೋಗ್ತಾ ಸಣ್ಣ, ಇಟ್ಟಿಗೆ ಕಟ್ಟಡಕ್ಕೆ ಸುಣ್ಣದ ಬಿಳುಪು. ಎತ್ತರ ನೂರೈವತ್ತು ಅಡಿ ಮೇಲೇನೇ ಇದೆ, ಎಷ್ಟೋ ಟೂರ್ ಸೈಟುಗಳಲ್ಲಿ 300 ಅಡಿ ಅಂತ ಹಾಕಿದಾರೆ, ನಂಬ್ಬೇಡಿ, ಅದು ಹತ್ತಿ ಸುಸ್ತಾದೋರು ಹೇಳಿದ ಲೆಕ್ಕ. ಬುಡದಲ್ಲಿ ನಿಂತಾಗ ನಂಗೆ ಬಂದ ಮೊದಲ ಪ್ರಶ್ನೆ, ಇಷ್ಟು ಎತ್ತರ ಯಾಕೆ ಅಂತ. ಕಾಪುದು ಇದರ ಅರ್ಧದ ಆಸುಪಾಸಿದೆ, ಅದು ಬಂಡೆ ಮೇಲೆ ಕೂತಿದೆ, ಎದುರಿಗೇ ಸಮುದ್ರ. ದೇವರಾಯನದುರ್ಗದ ಮೇಲೆ ಕಟ್ಟಿದ್ರೆ ಒಂದು ಕರೆಂಟ್ ಕಂಬ ಸಾಕು, ಬೆಟ್ಟನೇ ಎತ್ತರ ಕೊಡುತ್ತೆ. ಇಲ್ಲಿ ನೆಲ ಸಮುದ್ರಕ್ಕಿಂತ ಒಂದೆರಡಾಳು ಮೇಲಿದ್ರೆ ಹೆಚ್ಚು, ಎತ್ತರ ಎಲ್ಲಾ ಇಟ್ಟಿಗೆನೇ ಕೊಡ್ಬೇಕು. ಸಾಲದ್ದಕ್ಕೆ ಸುತ್ತ ತೆಂಗಿನ ಮರ. ಅಪ್ಪಾಜಿ ಒಂದು ಮರದ ತುದಿ ನೋಡಿ, ಗೋಪುರದ ತುದಿ ನೋಡಿ, ಮರ ಮೀರಿ ನಿಲ್ಲಬೇಕಲ್ಲ ದೀಪ, ಇಲ್ದಿದ್ರೆ ಗರಿ ಅಡ್ಡ ಬರ್ತದೆ ಅಂದ್ರು. ಇಂಜಿನಿಯರ್ ಕೇಳಿದ್ರೂ ಇದಕ್ಕಿಂತ ಚೆನ್ನಾಗಿ ಹೇಳಲ್ಲ. ಇನ್ನು ಆ ಇಟ್ಟಿಗೆ, ದ್ವೀಪದಲ್ಲಿ ಇರೋದು ಹವಳದ ಮರಳು, ಇಟ್ಟಿಗೆ ಸುಡೋ ಜೇಡಿ ಮಣ್ಣೇ ಇಲ್ಲ, ಅಷ್ಟೂ ಇಟ್ಟಿಗೆ ಹಡಗಲ್ಲಿ ಬಂದು, ನಾವು ಇಳಿದ ಥರಾನೇ ಅಲೆ ಮೇಲೆ ಕುಣಿಯೋ ಸಣ್ಣ ದೋಣಿಗೆ ಇಳಿದು ಬಂದಿರ್ಬೇಕು. ನಾವು ನಾಲ್ಕು ಜನ ಇಳಿಯೋಕೇ ಅಷ್ಟು ಒದ್ದಾಡಿದ್ವಿ.

ಒಳಗೆ ಕಾಲಿಟ್ರೆ ತಣ್ಣಗೆ. ಹೊರಗಿನ ಉರಿ ಒಂದೇ ಹೆಜ್ಜೆಗೆ ಕಟ್. ಗೋಡೆ ಅಷ್ಟು ದಪ್ಪ. ಆಯಿಲ್ ಪೇಂಟ್ ವಾಸನೆ, ಉಪ್ಪಿನ ವಾಸನೆ, ಮೇಲಿಂದ ಯಾರೋ ಕೆಮ್ಮಿದ್ರೆ ಸುತ್ತಿ ಸುತ್ತಿ ಇಳ್ಕೊಂಡು ಬರೋ ಸದ್ದು. ಸುತ್ತು ಮೆಟ್ಲು, ಒಂದು ಕಡೆ ಗೋಡೆ ಒಂದು ಕಡೆ ಕಂಬಿ. ಮಗಳು ಎಣಿಸ್ತೀನಿ ಅಂತ ಹೊರಟು ನೂರು ದಾಟಿದ್ಮೇಲೆ ಇಳಿಯೋರಿಗೆ ದಾರಿ ಬಿಡೋದ್ರಲ್ಲಿ ಲೆಕ್ಕ ತಪ್ಪಿಸ್ಕೊಂಡ್ಲು. ಅಲ್ಲಲ್ಲಿ ಚಿಕ್ಕ ಕಿಟಕಿ, ಮೊದಲನೇ ಕಿಟಕೀಲಿ ತೆಂಗಿನ ಬೊಡ್ಡೆ, ಆಮೇಲಿಂದರಲ್ಲಿ ಗೊನೆ, ಆಮೇಲೆ ಗರಿ, ಅದಾದ್ಮೇಲೆ ಗರಿಗಳ ನೆತ್ತಿ. ಹುಟ್ಟಿದಾಗಿಂದ ತೆಂಗಿನ ಮರ ನೋಡಿದೀನಿ, ನೆತ್ತಿ ಈ ಥರ ಮೇಲಿಂದ ನೋಡಿದ್ದು ಇದೇ ಮೊದಲು, ಹಸಿರು ನಕ್ಷತ್ರ ಚೆಲ್ಲಿದ ಹಾಗೆ. ಅಪ್ಪಾಜಿ ಪ್ರತಿ ಕಿಟಕೀಲೂ ನಿಂತ್ರು, ಸುಸ್ತಿಗೆ ನಿಂತ್ರೋ ನೋಡೋಕೆ ನಿಂತ್ರೋ ಕೇಳಲಿಲ್ಲ. ಮಧುಗಿರಿ ಬೆಟ್ಟ ಹತ್ತಿದೋರಿಗೆ ಇದೇನೂ ಅಲ್ಲ, ಆದ್ರೆ ಇದು ಸುತ್ತುತ್ತಲ್ಲ, ಕಾಲಿಗಿಂತ ತಲೆಗೆ ಕೆಲಸ ಜಾಸ್ತಿ. ಕೊನೇ ಭಾಗ ಏಣಿ ಥರ ಕಡಿದು. ಮಂಡಿ ನೋವಿರೋರು, ತಲೆಸುತ್ತು ಬರೋರು ಅಲ್ಲಿಗೇ ನಿಲ್ಲಿಸಿದ್ರೆ ಒಳ್ಳೇದು, ಅಪ್ಪಾಜಿಗೂ ಹಾಗೇ ಹೇಳಿದೆ, ನಂಗಿಂತ ಮುಂಚೆ ಹತ್ತಿದ್ರು.

ನಾನು ಬಲ್ಬ್ ಮಾರೋನು, ಹಾಗಾಗಿ ನಂಗೆ ಎಲ್ಲಕ್ಕಿಂತ ಆಸೆ ಇದ್ದಿದ್ದು ಆ ದೀಪ ನೋಡೋಕೆ. ಲೆನ್ಸ್ ಇರೋ ಕಡೆ ಒಳಗೆ ಬಿಡಲಿಲ್ಲ, ಬಾಗಿಲಲ್ಲಿ ನಿಂತು ನೋಡಿದ್ದು, ಅದು ಸರಿನೇ, ನೂರಾರು ಜನದ ಬೆರಳು ಆ ಗಾಜಿನ ಮೇಲೆ ಬಿದ್ರೆ ಗತಿ ಏನು. ಹಗಲು ಹೊತ್ತು ಗಾಜಿನ ಸುತ್ತ ಪರದೆ ಎಳೆದಿರ್ತಾರೆ. ನಾನು ಧೂಳಿಗೆ ಅಂದ್ಕೊಂಡೆ, ಅಲ್ಲಿನ ಸ್ಟಾಫ್ ಹಿಂದೀಲಿ ಹೇಳಿದ್ರು, ಬಿಸಿಲಿಗೆ ಅಂತ. ಒಳಗಿನ ಬೆಳಕನ್ನ ದೂರಕ್ಕೆ ಎಸೆಯೋ ಲೆನ್ಸು ಹೊರಗಿನ ಸೂರ್ಯನ್ನೂ ತಂದು ಒಳಗೆ ಒಂದೇ ಚುಕ್ಕೆಗೆ ಸೇರಿಸಿಬಿಡುತ್ತೆ, ಚಿಕ್ಕವರಿದ್ದಾಗ ಭೂತಗನ್ನಡಿ ಹಿಡಿದು ಒಣಗಿದ ಎಲೆ ಸುಡ್ತಿದ್ವಲ್ಲ ಹಾಗೆ, ಬಲ್ಬು ವೈರು ಎಲ್ಲಾ ಸುಟ್ಟು ಹೋಗಬಹುದು. ಲೈಟ್‌ಹೌಸಿಗೆ ಹಗಲಿನ ಶತ್ರು ಸೂರ್ಯನೇ ಅಂತ ಆಗ್ಲೇ ಗೊತ್ತಾಗಿದ್ದು.

ಬಲ್ಬು ನಾನು ಅಂದ್ಕೊಂಡಷ್ಟು ದೊಡ್ಡದೇನಲ್ಲ. ಕೆಲಸ ಎಲ್ಲಾ ಗಾಜಿಂದು. ಈ ಥರ ಲೆನ್ಸನ್ನ ಲೈಟ್‌ಹೌಸಿಗೆ ತಂದೋನು ಫ್ರಾನ್ಸಿನ ಫ್ರೆನೆಲ್ ಅಂತ ಇಂಜಿನಿಯರ್, 1823ರಲ್ಲಿ ಅಲ್ಲಿನ ಕೊರ್ಡುವಾನ್ ಲೈಟ್‌ಹೌಸಲ್ಲಿ ಮೊದಲು ಹಾಕಿದ್ದು. ಅಷ್ಟು ದೊಡ್ಡ ಲೆನ್ಸನ್ನ ಒಂದೇ ಗಾಜಲ್ಲಿ ಮಾಡಿದ್ರೆ ಮಣಭಾರ, ಬೆಳಕೂ ಗಾಜಲ್ಲೇ ಅರ್ಧ ಸತ್ತೋಗುತ್ತೆ, ಅದಕ್ಕೆ ಮಧ್ಯದ ದಪ್ಪ ಎಲ್ಲಾ ತೆಗೆದು ಬಾಗು ಮಾತ್ರ ಉಳಿಸ್ಕೊಂಡು ಬಳೆ ಬಳೆಯಾಗಿ ಜೋಡಿಸೋದು, ಈರುಳ್ಳಿ ಅಡ್ಡ ಕೊಯ್ದಾಗ ಕಾಣೋ ಸುತ್ತುಗಳ ಹಾಗೆ. ಅಂಗಡೀಲಿ ದಿನಾ ಎಷ್ಟು ವ್ಯಾಟು ಎಷ್ಟು ವ್ಯಾಟು ಅಂತ ಕೇಳ್ಕೊಂಡು ಬರೋರಿಗೆ ಇನ್ಮೇಲೆ ನಾನು ಇದನ್ನ ಹೇಳೋನು, ವ್ಯಾಟಲ್ಲಿ ಏನೂ ಇಲ್ಲ ಸ್ವಾಮಿ, ಬೆಳಕು ಎತ್ಲಾಗೆ ಹೋಗುತ್ತೆ ಅನ್ನೋದು ಮುಖ್ಯ.

ಹೊರಗಿನ ಗ್ಯಾಲರಿಗೆ ಬಂದ್ರೆ ಗಾಳಿ. ಟೋಪಿ, ಕನ್ನಡಕ, ಮೊಬೈಲು ಗಟ್ಟಿ ಹಿಡ್ಕೊಳಿ. ದ್ವೀಪ ಚಂದ್ರನ ಸೀಳಿನ ಹಾಗೆ ಬಾಗಿ ಮಲಗಿದೆ, ಸುಮಾರು ಹತ್ತು ಕಿಲೋಮೀಟರ್ ಉದ್ದ, ಅಗಲ ಇಲ್ಲವೇ ಇಲ್ಲ, ಒಂದು ಕಡೆ ಲಗೂನು, ಅಂದ್ರೆ ಹವಳದ ದಿಬ್ಬದ ಒಳಗಿನ ಆಳ ಇಲ್ಲದ ನೀರು, ತಿಳಿ ಹಸಿರು, ಅದರಾಚೆ ದಿಬ್ಬದ ಮೇಲೆ ಅಲೆ ಒಡೆಯೋ ಬಿಳಿ ಗೆರೆ, ಗೆರೆ ದಾಟಿದ್ರೆ ಒಂದೇ ಸಲಕ್ಕೆ ಕಪ್ಪು ನೀಲಿ. ಪಕ್ಕದಲ್ಲಿ ವಿರಿಂಗಿಲಿ ಅಂತ ಜನ ಇಲ್ಲದ ಪುಟ್ಟ ದ್ವೀಪ. ನಮ್ಮ ಬ್ಯಾಚಲ್ಲಿದ್ದ ಒಬ್ಬರು ಅಲ್ನೋಡಿ ಮಾಲ್ಡೀವ್ಸ್ ಅಂತ ಎಲ್ಲರಿಗೂ ತೋರಿಸ್ತಿದ್ರು. ಮಗಳು ಮೊಬೈಲಲ್ಲಿ ಲೆಕ್ಕ ಹಾಕಿದ್ಲು, ಈ ಎತ್ತರದಿಂದ ಭೂಮಿ ಬಾಗಿರೋದ್ರಿಂದ ನೀರಿನ ಅಂಚು ಕಾಣೋದು ಸುಮಾರು 25 ಕಿಲೋಮೀಟರ್ ತನಕ ಅಷ್ಟೇ, ಮಾಲ್ಡೀವ್ಸ್ ನೂರು ಕಿಲೋಮೀಟರ್ ಮೇಲಿದೆ. ಅವರು ತೋರಿಸಿದ್ದು ಮೋಡ. ಪಾಪ ಖುಷಿಯಾಗಿದ್ರು, ಯಾಕೆ ಹೇಳೋದು ಅಂತ ಸುಮ್ನಾದ್ವಿ.

ಇನ್ನೊಂದು ಸ್ವಾರಸ್ಯ, ಸ್ವಾತಂತ್ರ್ಯ ಬಂದು ಕೆಲವು ವರ್ಷದ ತನಕ ಈ ಲೈಟ್‌ಹೌಸ್ ನಮ್ಮ ಕೈಯಲ್ಲೇ ಇರಲಿಲ್ಲ, ಬ್ರಿಟಿಷರ ಇಂಪೀರಿಯಲ್ ಲೈಟ್‌ಹೌಸ್ ಸರ್ವಿಸ್ ಸಿಲೋನಿಂದ ನಡೆಸ್ತಿತ್ತು. ಊರು ಕೊಟ್ಟು ದೀಪ ಇಟ್ಕೊಂಡಿದ್ರು. ಈಗ ನಮ್ಮ ಲೈಟ್‌ಹೌಸ್ ಇಲಾಖೆದು, ಇವತ್ತಿಗೂ ರಾತ್ರಿ ಉರಿಯುತ್ತೆ.

ಈಗ ಆ ಒಂದೂವರೆ ಸ್ಟಾರಿನ ಅಸಲಿ ಕಾರಣ. ಏಜೆಂಟ್ ನಂಗೆ ಬಾಯಿ ಬಿಟ್ಟು ಹೇಳಿದ್ದ, ಅರ್ಧ ದಿನ ಲೈಟ್‌ಹೌಸಲ್ಲೇ ಸಾರ್, ಸಂಜೆ ದೀಪ ಹತ್ತೋದನ್ನ ಮೇಲೆ ನಿಂತೇ ನೋಡ್ಬಹುದು ಅಂತ. ಮಗಳು ಬಂದಿದ್ದೇ ಅದಕ್ಕೆ. ಅಲ್ಲಿ ಹೋಗಿ ಕೇಳಿದ್ರೆ ಅಂಥದ್ದೊಂದು ಕಾರ್ಯಕ್ರಮ ಇದೆ ಅಂತ ಯಾರಿಗೂ ಗೊತ್ತೇ ಇಲ್ಲ. ಕತ್ತಲಾಗೋಕೆ ಮುಂಚೆ ಎಲ್ಲರನ್ನೂ ಬೋಟಲ್ಲಿ ಹಡಗಿಗೆ ವಾಪಸ್ ಹತ್ತಿಸ್ಬೇಕು, ಅದು ಸುರಕ್ಷತೆಗೆ ಇರೋ ನಿಯಮ, ಅದನ್ನ ತಪ್ಪು ಅನ್ನಲ್ಲ. ನಮಗೆ ಸಿಕ್ಕಿದ್ದು ಹತ್ತಿ ಇಳಿಯೋದೂ ಸೇರಿ ಮುಕ್ಕಾಲು ಗಂಟೆ. ಬ್ಯಾಚ್ ಬ್ಯಾಚ್ ಆಗಿ ಬಿಡೋದು, ಮೇಲೆ ಹತ್ತು ನಿಮಿಷ ನಿಂತ್ರೆ ಕೆಳಗಿಂದ ಕೂಗು. ನೀವು ಹೋಗೋದಾದ್ರೆ ಬೀಚಲ್ಲಿ ಬಟ್ಟೆ ಬದಲಾಯಿಸ್ಕೊಂಡು ಊಟಕ್ಕೆ ಕೂತು ಆಮೇಲೆ ನೋಡೋಣ ಅನ್ನಬೇಡಿ, ಗುಂಪಲ್ಲಿ ಮೊದಲು ಲೈಟ್‌ಹೌಸಿಗೆ ಹೋಗೋ ವ್ಯಾನ್ ಹತ್ತಿ, ಮೊದಲ ಬ್ಯಾಚಲ್ಲಿ ನಿಲ್ಲಿ. ನೀರಲ್ಲಿ ಆಡೋದು ಆಮೇಲೂ ಆಗುತ್ತೆ.

ಇಳಿದು ಬರ್ತಾ ನೀರಿನ ಪ್ಲಾಂಟ್ ಬಗ್ಗೆ ಗೈಡ್ ಹುಡುಗ ಹೇಳಿದ. ಪಾವಗಡದ ಕಡೆ ನೆಂಟರಿರೋ ನಮಗೆ ಇದು ಕಿವಿ ನೆಟ್ಟಗಾಗೋ ವಿಷಯ. 2011ರಿಂದ ಮಿನಿಕಾಯಲ್ಲಿ ಸಮುದ್ರದ ನೀರನ್ನೇ ಕುಡಿಯೋ ನೀರು ಮಾಡ್ತಾರೆ, ದಿನಕ್ಕೆ ಒಂದು ಲಕ್ಷ ಲೀಟರ್ ಮಾಡೋ ಪ್ಲಾಂಟು. ಮೇಲಿನ ಬೆಚ್ಚಗಿನ ನೀರನ್ನ ಗಾಳಿ ತೆಗೆದ ಟ್ಯಾಂಕಲ್ಲಿ ಹಾಕಿದ್ರೆ ಬೆಂಕಿ ಇಲ್ದೆನೇ ಆವಿ ಆಗುತ್ತೆ, ಆಳದಿಂದ ಪೈಪಲ್ಲಿ ಎತ್ತಿದ ತಣ್ಣನೆ ನೀರು ಆ ಆವಿಯನ್ನ ತಣಿಸಿ ಸಿಹಿ ನೀರು ಮಾಡುತ್ತೆ. ಅಪ್ಪಾಜಿ ಒಂದು ಲೋಟ ಕುಡಿದು ಬಾಯಿ ಚಪ್ಪರಿಸಿ, "ನಮ್ಮ ಬೋರಿಗಿಂತ ಚೆನ್ನಾಗೈತೆ" ಅಂದ್ರು. ಸಾವಿರ ಅಡಿ ಕೊರೆಸಿ ಫ್ಲೋರೈಡ್ ಕುಡಿಯೋರು ಇನ್ನೇನು ಹೇಳ್ತಾರೆ.

ಸಂಜೆ ಹಡಗು ಹತ್ತಿದ್ಮೇಲೆ ಮಗಳು ಮಾತಾಡ್ಲಿಲ್ಲ, ಕಾಪುದೇ ಮುಖ. ದೀಪ ಹತ್ತೋದು ನೋಡಲಿಲ್ಲ ಅಂತ. ಕತ್ತಲಾಗಿ, ದ್ವೀಪ ಪೂರ್ತಿ ಕರಗಿ ಹೋಗಿ, ಊಟಕ್ಕೆ ಕರೆದ್ರು ಅಂತ ಎದ್ದಾಗ ಅಪ್ಪಾಜಿ ಡೆಕ್ಕಿಂದ ಕೂಗಿದ್ರು, "ಬಾರವ್ವ ಇಲ್ಲಿ, ನಿನ್ನ ಬಲ್ಬು ಹತ್ತೈತೆ." ಓಡಿ ಹೋದ್ವಿ. ಗೋಪುರ ಕಾಣಲ್ಲ, ಮರ ಕಾಣಲ್ಲ, ನೆಲ ಎಲ್ಲಿ ನೀರು ಎಲ್ಲಿ ಗೊತ್ತಾಗಲ್ಲ, ಕತ್ತಲಲ್ಲಿ ಒಂದು ಮಿಂಚು ಬಂತು, ಹೋಯ್ತು, ಲೆಕ್ಕ ಹಾಕ್ಕೊಂಡು ಮತ್ತೆ ಬಂತು. ಒಂದೊಂದು ಲೈಟ್‌ಹೌಸಿಗೆ ಒಂದೊಂದು ತಾಳ ಇರುತ್ತೆ, ಎಷ್ಟು ಸೆಕೆಂಡಿಗೆ ಎಷ್ಟು ಸಲ ಅಂತ, ಹಡಗಿನೋರು ಪಟ್ಟಿ ನೋಡಿ ಇದು ಯಾವ ಊರು ಅಂತ ಗುರುತು ಹಿಡೀತಾರೆ, ನಮ್ಮೂರ ಕಡೆ ಬಸ್ ಹಾರ್ನ್ ಕೇಳಿದ್ರೆ ಯಾವ ಬಸ್ಸು ಅಂತ ಹೇಳ್ತಾರಲ್ಲ ಹಾಗೆ. ಮಗಳು ಮೊಬೈಲಲ್ಲಿ ಸ್ಟಾಪ್‌ವಾಚ್ ಹಾಕ್ಕೊಂಡು ನಿಂತ್ಲು, ಅಪ್ಪಾಜಿ ಕಾಯಿ ಎಣಿಸೋ ಥರ ಲಾಭ, ಎರಡು, ಮೂರು ಅಂತ ಬೆರಳು ಮಡಚ್ತಾ ನಿಂತ್ರು, ಇಬ್ಬರ ಲೆಕ್ಕನೂ ತಾಳೆ ಆಯ್ತು. ಆವತ್ತು ನಾವು ಊಟಕ್ಕೆ ಹೋಗಿದ್ದು ಕೊನೇ ಪಂಕ್ತಿಗೆ, ಹಪ್ಪಳ ಖಾಲಿಯಾಗಿತ್ತು.

ಮೇಲೆ ನಿಂತು ನೋಡಿದ್ರೆ ಪಕ್ಕದಲ್ಲೇ ಲೆನ್ಸ್ ಸುತ್ತೋದು ಕಾಣ್ತಿತ್ತೇನೋ ಸರಿ, ಆದ್ರೆ ಆ ದೀಪ ಹಚ್ಚೋದು ದೂರದಲ್ಲಿ ನೀರಿನ ಮೇಲಿರೋರಿಗೆ, ನೋಡೋ ಜಾಗನೂ ಅದೇ ಅಂತ ನಂಗೆ ಅನ್ನಿಸ್ತು. ಇದನ್ನ ಏಜೆಂಟಿಗೆ ಹೇಳ್ಬೇಡಿ, ಅವನು ಇದನ್ನೂ ಪ್ಯಾಕೇಜಲ್ಲಿ ಸೇರಿಸಿ ರೇಟ್ ಜಾಸ್ತಿ ಮಾಡ್ತಾನೆ.

ಕ್ಯಾಬಿನ್ ವ್ಯತ್ಯಾಸದ ದುಡ್ಡು ವಾಪಸ್ ಕೊಡ್ತೀನಿ ಅಂದಿದ್ದ, ಎರಡು ತಿಂಗಳಾಯ್ತು. ಮೊನ್ನೆ ಅವನ ಕಡೆಯಿಂದ ಮೆಸೇಜ್ ಬಂತು, ದುಡ್ಡು ಹಾಕಿದಾನೇನೋ ಅಂತ ಖುಷಿಯಾಗಿ ತೆಗೆದು ನೋಡಿದ್ರೆ, "ಸಾರ್ ಟ್ರಿಪ್ ಹೇಗಿತ್ತು, ಒಂದು ರೇಟಿಂಗ್ ಹಾಕಿ, ಮುಂದಿನ ತಿಂಗಳು ಕಾಶಿ ಪ್ಯಾಕೇಜ್ ಇದೆ." ಅಪ್ಪಾಜಿ ಪಕ್ಕದಲ್ಲೇ ಕೂತಿದ್ರು, ಏನಂತೆ ಅಂದ್ರು. ಏನಿಲ್ಲ, ಕರೆಂಟ್ ಬಿಲ್ಲು ಅಂದೆ.